ಗರ್ಭಕೋಶಕ್ಕೆ ಹೂ ಕೇಳಿದ್ದು

ಹದಿನೆಂಟು ವರ್ಷದಿಂದ ಹತ್ತನೇ ತರಗತಿಯ ಮಕ್ಕಳಿಗೆ ಗರ್ಭಕೋಶದ ಚಿತ್ರ ಬರೆದು ತೋರಿಸುತ್ತಿರುವವಳು ನಾನು. ಬರಗೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಬೇರೆಯವರು 'ಇದನ್ನ ಮನೇಲಿ ಓದ್ಕೊಳ್ಳಿ' ಎಂದು ಹಾರಿಸಿಬಿಡುವ ಆ ಪಾಠವನ್ನು ನಾನು ಎರಡು ಪೀರಿಯಡ್ ಹಿಡಿದು ಮಾಡುತ್ತೇನೆ. ಕಿಸಕ್ಕೆಂದವರನ್ನು ಎಬ್ಬಿಸಿ ನಿಲ್ಲಿಸಿ, ಬೋರ್ಡಿನ ಹತ್ತಿರ ಕರೆದು ಭಾಗಗಳನ್ನು ಗುರುತಿಸಲು ಹೇಳುತ್ತೇನೆ. ಹೀಗಾಗಿ ಗರ್ಭಕೋಶದ ವಿಷಯದಲ್ಲಿ ಯಾರೂ ನನಗೆ ಹೊಸದಾಗಿ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಇತ್ತು. ಪಠ್ಯಪುಸ್ತಕದ ಚಿತ್ರದಲ್ಲಿ ಗಡ್ಡೆ ಬರೆದಿರುವುದಿಲ್ಲ, ಅಷ್ಟೇ.

ನಲವತ್ಮೂರು ತುಂಬುವ ಹೊತ್ತಿಗೆ ನನ್ನ ಮುಟ್ಟು ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಐದು ದಿನ ಇದ್ದದ್ದು ಒಂಬತ್ತಾಯಿತು, ಒಂಬತ್ತು ಹನ್ನೆರಡಾಯಿತು. ಬೀರುವಿನಲ್ಲಿ ತಿಳಿ ಬಣ್ಣದ ಸೀರೆಗಳೆಲ್ಲ ಹಿಂದಕ್ಕೆ ಸರಿದು ಕಪ್ಪು, ಕಡುನೀಲಿ, ಕಂದು ಮುಂದಕ್ಕೆ ಬಂದವು. ನಾನೇನೋ ವ್ರತ ಹಿಡಿದಿದ್ದೇನೆಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು. ಶಿರಾದಿಂದ ಸ್ಕೂಲಿಗೆ ಬಸ್ಸಿನಲ್ಲಿ ನಿಂತು ಹೋಗುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಕೊನೆಗೊಂದು ದಿನ ಬೆಳಗಿನ ಪ್ರಾರ್ಥನೆ ನಡೆಯುತ್ತಿದ್ದಾಗ ಮಕ್ಕಳೆದುರಿಗೇ ಧೊಪ್ಪನೆ ಬಿದ್ದೆ. ಆಗ ನಮ್ಮ ಮನೆಯವರು ಶಿರಾದಲ್ಲೇ ಒಂದು ಕಡೆ ಸ್ಕ್ಯಾನಿಂಗ್ ಮಾಡಿಸಿದರು. ಏಳು ಸೆಂಟಿಮೀಟರಿನ ಒಂದು ಗಡ್ಡೆ, ಅದರ ಜೊತೆಗೆ ಎರಡು ಚಿಲ್ಲರೆ ಗಡ್ಡೆಗಳು. ಫೈಬ್ರಾಯ್ಡ್ ಅಂದರು.

ರಿಪೋರ್ಟ್ ನೋಡಿದ ಡಾಕ್ಟರು ನನ್ನ ಮುಖ ನೋಡಲಿಲ್ಲ, ನಮ್ಮ ಮನೆಯವರ ಮುಖ ನೋಡಿದರು.

"ಎಷ್ಟು ಮಕ್ಕಳು?"

"ಇಬ್ಬರು ಸಾರ್."

"ಮತ್ತೆ ಇನ್ಯಾಕೆ ಅದು? ತೆಗೆದುಬಿಡೋಣ. ಇಟ್ಕೊಂಡ್ರೆ ಕ್ಯಾನ್ಸರ್ ಆದ್ರೂ ಆಗಬಹುದು."

ಬಾಡಿಗೆಯವರು ಖಾಲಿ ಮಾಡಿದ ಮನೆಯನ್ನು ಕೆಡವುವ ಮಾತಿನಂತಿತ್ತು ಅದು. ಮಕ್ಕಳಿಗೆ ದಿನಬೆಳಗಾದರೆ 'ಪ್ರಶ್ನೆ ಕೇಳ್ರೋ, ಪ್ರಶ್ನೆ ಕೇಳ್ರೋ' ಎಂದು ಬೈಯುವ ನಾನು ಅಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಕ್ಯಾನ್ಸರ್ ಎಂಬ ಪದ ಬಿದ್ದ ಮೇಲೆ ಕಿವಿಗೆ ಮತ್ತೇನೂ ಹೋಗಲಿಲ್ಲ. ನಮ್ಮ ಮನೆಯವರು ಮದುವೆಯಾದಾಗಿನಿಂದ ಎಲ್ಲದಕ್ಕೂ ಹೇಳಿಕೊಂಡು ಬಂದಿರುವ 'ನೋಡೋಣ' ಎಂಬ ಮಾತನ್ನು ಅಲ್ಲಿಯೂ ಹೇಳಿ ನನ್ನನ್ನು ಮನೆಗೆ ಕರೆತಂದರು.

ಮನೆಯಲ್ಲಿ ಅತ್ತೆ ಇದ್ದರು. ಎಪ್ಪತ್ತೊಂದು ವರ್ಷ. ಈಗಲೂ ಬಿಂದಿಗೆ ನೀರನ್ನು ಒಂದೇ ಕೈಯಲ್ಲಿ ಎತ್ತುತ್ತಾರೆ, ಎತ್ತಿದ ಮೇಲೆ ನಾನು ನೋಡಿದೆನೋ ಇಲ್ಲವೋ ಎಂದು ತಿರುಗಿ ನೋಡುತ್ತಾರೆ.

"ಇದ್ಕೆಲ್ಲ ಮುಖ ಯಾಕೆ ಇಷ್ಟುದ್ದ ಮಾಡ್ಕಂಡಿದೀಯ? ತೆಗ್ಸಿಬುಡು ಕಣಮ್ಮ. ನಂದು ತೆಗ್ದು ನಲವತ್ತು ವರ್ಷ ಆತು. ಹೆಂಗಿದೀನಿ ನೋಡು," ಅಂದರು.

ಚೆನ್ನಾಗಿಯೇ ಇದ್ದರು.

ಸುದ್ದಿ ಅವತ್ತೇ ಫೋನು ಹತ್ತಿತು. ಗಡ್ಡೆ ಎಷ್ಟು ದಪ್ಪ ಎಂದು ಕೇಳಿದವರಿಗೆ ಸೆಂಟಿಮೀಟರು ಅರ್ಥವಾಗುವುದಿಲ್ಲವೆಂದು ಅತ್ತೆ ಹಣ್ಣಿನ ಲೆಕ್ಕದಲ್ಲಿ ಹೇಳಿದರು. ಶಿರಾದಲ್ಲಿ ಅದು ಮೂಸಂಬಿ. ಮಧುಗಿರಿಯಲ್ಲಿರುವ ನಾದಿನಿಗೆ ತಲುಪುವ ಹೊತ್ತಿಗೆ ತೆಂಗಿನಕಾಯಿ. ಅಲ್ಲಿಂದ ಕೊರಟಗೆರೆಯ ನನ್ನ ತವರಿಗೆ ಹೋಗುವಷ್ಟರಲ್ಲಿ ಕರ್ಬೂಜ. ಪಾವಗಡ ಕಡಲೆಕಾಯಿ ಬೆಳೆಯುವ ಸೀಮೆ, ಅಲ್ಲಾದರೂ ಸ್ವಲ್ಪ ಇಳಿಯಬಾರದೆ? ಇಳಿಯಲಿಲ್ಲ, ಕುಂಬಳಕಾಯಿಯಾಯಿತು. ಅಲ್ಲಿನ ಚಿಕ್ಕಮ್ಮ ಫೋನು ಮಾಡಿ, "ಭಯಪಡೊದ್ದು ತಲ್ಲೀ, ತೆಗ್ಸೇಬುಡು, ಪೀಡ ಪೋತುಂದಿ," ಎಂದು ತೆಲುಗು ಬೆರೆಸಿ ಅತ್ತರು. ಹೆದರಬಾರದಂತೆ, ಪೀಡೆ ಹೋಗುತ್ತದಂತೆ. ಹೋಗಬೇಕಾದ ಪೀಡೆ ಗಡ್ಡೆಯೋ ಗರ್ಭಕೋಶವೋ ಎಂದು ಕೇಳಬೇಕೆನ್ನಿಸಿತು. ಅಳುತ್ತಿರುವವರ ಹತ್ತಿರ ಜಗಳ ತೆಗೆಯುವುದು ಬೇಡವೆಂದು ಫೋನನ್ನು ಅತ್ತೆಯ ಕೈಗೆ ಕೊಟ್ಟೆ.

ನನಗೆ ತೆಗೆಸಿಕೊಳ್ಳಲು ಇಷ್ಟವಿರಲಿಲ್ಲ. ಯಾಕೆ ಎಂದು ಕೇಳಿದ್ದರೆ ಹೇಳಲೂ ಬರುತ್ತಿರಲಿಲ್ಲ. ಇನ್ನೊಂದು ಮಗು ಬೇಕೆಂದೇನೂ ಅಲ್ಲ, ಇರುವ ಇಬ್ಬರೇ ಸಾಕುಬೇಕಾಗಿಸಿದ್ದರು. ಅದು ನನ್ನ ಮೈಯಲ್ಲಿದೆ, ನನ್ನದು, ಇರಲಿ ಎನ್ನುವುದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಅಂಥ ಕಾರಣವನ್ನು ಮನೆಯಲ್ಲಿ ಹೇಳಿದರೆ ನಗುತ್ತಾರೆಂದು ಹೆದರಿದ್ದೆ. ಹೆದರಿಕೆ ಇದ್ದಾಗ ನನಗೆ ಕೋಪ ಬರುತ್ತದೆ, ಹಾಗಾಗಿ ಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಯಿತು.

ಆ ಸದ್ದು ತಡೆಯಲಾರದೆ ಅತ್ತೆ ಒಂದು ಸೋಮವಾರ ಬುಕ್ಕಾಪಟ್ಟಣದ ಆಚೆಗಿರುವ ನಮ್ಮ ಮನೆದೇವರ ಗುಡಿಗೆ ಒಬ್ಬರೇ ಹೋಗಿ ಹೂ ಕೇಳಿಕೊಂಡು ಬಂದರು. ನಮ್ಮ ಕಡೆ ಹೆಣ್ಣು ತರುವುದಿರಲಿ, ಬೋರ್ ಕೊರೆಸುವುದಿರಲಿ, ಹೂ ಕೇಳದೆ ಮುಂದುವರಿಯುವುದಿಲ್ಲ. ಪೂಜಾರಿ ದೇವರ ಎರಡು ಪಕ್ಕಕ್ಕೂ ಹೂವನ್ನು ನೀರಲ್ಲಿ ಅದ್ದಿ ಅಂಟಿಸುತ್ತಾನೆ, ಪ್ರಶ್ನೆ ಹೇಳಿ ಗಂಟೆ ಬಾರಿಸುತ್ತಾನೆ. ಬಲಗಡೆಯ ಹೂ ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ.

"ಬಲಗಡೆ ಆತು ಕಣಮ್ಮ," ಎಂದು ಅತ್ತೆ ಕುಂಕುಮದ ಪೊಟ್ಟಣ ನನ್ನ ಕೈಗಿಟ್ಟರು. "ಇನ್ನೇನ್ ಯೋಚ್ನೆ ಇಲ್ಲ. ಆಪ್ರೇಷನ್ ಮಾಡುಸ್ಕಾ."

ಮೈಯೆಲ್ಲ ಉರಿಯಿತು. ನನ್ನ ಗರ್ಭಕೋಶದ ಬಗ್ಗೆ ಡಾಕ್ಟರು ನಮ್ಮ ಮನೆಯವರನ್ನು ಕೇಳಿದರು, ಅತ್ತೆ ದೇವರನ್ನು ಕೇಳಿದರು. ನನ್ನನ್ನು ಕೇಳುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಆ ವಾರವೇ ಶನಿವಾರ ಬೆಳಗಿನ ತರಗತಿ ಮುಗಿಸಿ, ನಮ್ಮ ಮನೆಯವರನ್ನು ಎಳೆದುಕೊಂಡು ತುಮಕೂರಿನ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. 'ನೋಡೋಣ' ಎನ್ನುವವರನ್ನು ಕಟ್ಟಿಕೊಂಡದ್ದರಲ್ಲಿ ಒಂದು ಅನುಕೂಲ, ಎತ್ತ ಎಳೆದರೂ ಬರುತ್ತಾರೆ.

ಈ ಡಾಕ್ಟರು ಹೆಂಗಸು. ಚೀಟಿಯ ಹಿಂಬದಿಯಲ್ಲಿ ಗರ್ಭಕೋಶದ ಚಿತ್ರ ಬರೆದರು. ನಾನು ಬರೆಯುವಷ್ಟು ಚೆನ್ನಾಗಿರಲಿಲ್ಲ, ಆದರೆ ಅದರಲ್ಲಿ ಗಡ್ಡೆ ಇತ್ತು. ಈ ಗಡ್ಡೆಗಳು ಕ್ಯಾನ್ಸರ್ ಆಗಿರುವುದು ತುಂಬಾ ಅಪರೂಪ, ಆದರೂ ನಲವತ್ತು ದಾಟಿದವರಿಗೆ ಹೀಗೆ ರಕ್ತ ಹೋಗುತ್ತಿದ್ದರೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು ವಾಡಿಕೆ ಎಂದು ಹೇಳಿ ಅದನ್ನು ಮಾಡಿದರು. ಆಮೇಲೆ ಬಂದ ಫಲಿತಾಂಶದಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಚಿತ್ರದ ಕೆಳಗೆ ಐದು ದಾರಿ ಬರೆದರು. ಮಾತ್ರೆಯಲ್ಲಿ ರಕ್ತ ಹಿಡಿತಕ್ಕೆ ತಂದು, ಮುಟ್ಟು ನಿಲ್ಲುವ ವಯಸ್ಸಿನವರೆಗೆ ಕಾದು ನೋಡುವುದು ಒಂದು. ಹಾರ್ಮೋನು ಬಿಡುವ ಸಣ್ಣ ಸಾಧನವನ್ನು ಗರ್ಭಕೋಶದೊಳಗೆ ಇಡುವುದು ಇನ್ನೊಂದು, ಆದರೆ ನನ್ನ ದೊಡ್ಡ ಗಡ್ಡೆ ಒಳಗೋಡೆಯನ್ನು ತಳ್ಳುತ್ತಿದ್ದರಿಂದ ಅದು ನಿಲ್ಲದೆ ಜಾರಿಬರಬಹುದು. ಗರ್ಭಕೋಶ ಉಳಿಸಿ ಗಡ್ಡೆ ಮಾತ್ರ ಕೊಯ್ದು ತೆಗೆಯುವುದು ಮೂರನೆಯದು, ಮುಂದೆ ಹೊಸ ಗಡ್ಡೆ ಹುಟ್ಟಿದರೂ ಹುಟ್ಟಬಹುದು. ತೊಡೆಸಂದಿಯ ರಕ್ತನಾಳದಿಂದ ತೆಳ್ಳನೆಯ ನಳಿಕೆ ತೂರಿಸಿ, ಗಡ್ಡೆಗೆ ರಕ್ತ ಹೋಗುವ ದಾರಿಯನ್ನು ಮುಚ್ಚಿ ಅದನ್ನು ಕುಗ್ಗಿಸುವುದು ನಾಲ್ಕನೆಯದು, ಅದಕ್ಕೆ ಬೆಂಗಳೂರಿಗೆ ಹೋಗಬೇಕು, ಕೆಲವು ದಿನ ಚೆನ್ನಾಗಿ ನೋಯುತ್ತದೆ. ಐದನೆಯದು ಗರ್ಭಕೋಶವನ್ನೇ ತೆಗೆಯುವುದು. ತೆಗೆದರೆ ಗಡ್ಡೆಯ ತಾಪತ್ರಯ ಪೂರ್ತಿ ಮುಗಿಯಿತು, ಅದೂ ತಪ್ಪಲ್ಲ ಅಂದರು.

"ಅವಸರ ಏನೂ ಇಲ್ಲ. ಮೊದಲು ರಕ್ತ ಹೋಗೋದು ನಿಲ್ಲಲಿ, ಮೈಯಲ್ಲಿ ರಕ್ತ ಹೆಚ್ಚಾಗಲಿ, ಎರಡಕ್ಕೂ ಮಾತ್ರೆ ತಗೊಳ್ಳಿ. ಮನೇಲಿ ಮಾತಾಡಿಕೊಂಡು ಮುಂದಿನ ತಿಂಗಳು ಬನ್ನಿ," ಅಂದರು. ಪಾಪ, ನಮ್ಮ ಮನೆ ಎಂಥದ್ದೆಂದು ಅವರಿಗೇನು ಗೊತ್ತು.

ಮನೆಗೆ ಬಂದ ಮೇಲೆ ಅತ್ತೆ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೇನು ಐದು? ಆಪ್ರೇಷನ್ ಅಂತ ದ್ಯಾವ್ರು ಹೇಳಿ ಆತಲ್ಲ."

"ಯಾವ ಆಪರೇಷನ್ ಅಂತ ಕೇಳಿದ್ರಿ ಅತ್ತೆ? ಗಡ್ಡೆ ತೆಗೆಯೋದೂ ಆಪರೇಷನ್ನೇ, ಗರ್ಭಕೋಶ ತೆಗೆಯೋದೂ ಆಪರೇಷನ್ನೇ."

ಪ್ರಶ್ನೆಪತ್ರಿಕೆಯೇ ಸರಿಯಿಲ್ಲದಿದ್ದರೆ ಉತ್ತರ ಬರೆದವರದ್ದು ತಪ್ಪಲ್ಲ ಎಂದು ನಾನು ಮೇಡಂಗಿರಿ ಮಾಡಿದೆ. ಅತ್ತೆಯ ದೊಡ್ಡಗುಣ ಇದೇ, ತಪ್ಪೆಂದು ಕಂಡರೆ ಜಗ್ಗಾಡುವುದಿಲ್ಲ. ಚೀಟಿ ಮಡಚಿ ನನ್ನ ಕೈಗಿಟ್ಟು, "ಅಂಗಾದ್ರೆ ಇನ್ನೊಂದ್ ಸಲ ಕೇಳ್ಬೇಕು. ನೀನೂ ಬಾ. ಆ ನಳಿಕೆ ಪಳಿಕೆ ಎಲ್ಲ ನಂಗೆ ಹೇಳಾಕೆ ಬರಾಕಿಲ್ಲ," ಅಂದರು.

ಮಾತ್ರೆಯಿಂದ ರಕ್ತ ನಿಂತಿದ್ದ ಒಂದು ಭಾನುವಾರ ನೋಡಿ ಹೊರಟೆವು. ಅತ್ತೆ ಕ್ಯಾಲೆಂಡರಿನಲ್ಲಿ ನನ್ನ ದಿನಗಳನ್ನು ಗುರುತು ಹಾಕಿ ಆರಿಸಿದ ಭಾನುವಾರ ಅದು. ಆದರೆ ಬುಕ್ಕಾಪಟ್ಟಣದಲ್ಲಿ ಬಸ್ಸಿಳಿದು ಆಟೋ ಹತ್ತುವಾಗಲೇ ನನಗೆ ಗೊತ್ತಾಯಿತು, ಮತ್ತೆ ಶುರುವಾಗಿತ್ತು. ಹೇಳದೆ ಮುಚ್ಚಿಟ್ಟಿದ್ದರೆ ನಡೆಯುತ್ತಿತ್ತು. ಬಾಯಿ ಬಿಟ್ಟೆ.

ಅತ್ತೆ ಗುಡಿಯ ಮುಂದಿನ ಬೇವಿನ ಮರ ತೋರಿಸಿದರು. "ಅಲ್ಲೇ ಕೂತ್ಕಾ. ಒಳೀಕೆ ಬರಬ್ಯಾಡ."

ಕೇಳಬೇಕಾಗಿರುವುದು ನನ್ನ ಗರ್ಭಕೋಶದ ವಿಚಾರ, ಅದೇ ಗರ್ಭಕೋಶದ ದೆಸೆಯಿಂದ ನನಗೆ ಒಳಗೆ ಪ್ರವೇಶವಿಲ್ಲ. ಹಲ್ಲು ಕಚ್ಚಿಕೊಂಡು ಮರದ ಕೆಳಗಿನ ಚಪ್ಪಡಿಯ ಮೇಲೆ ಕೂತೆ.

ಅತ್ತೆ ಒಳಗೆ ಹೋಗಿ ಪೂಜಾರಿಗೆ ಏನು ಹೇಳಿದರೋ, ಐದೇ ನಿಮಿಷಕ್ಕೆ ಅವರು ಹೆಗಲ ಟವೆಲ್ಲಿನಲ್ಲಿ ಕೈ ಒರೆಸುತ್ತ ನನ್ನ ಹತ್ತಿರವೇ ಬಂದರು. ಅರವತ್ತರ ಆಸುಪಾಸಿನ ಮನುಷ್ಯ. ಗುಡಿಯ ಹಿಂದೆಯೇ ಅವರ ದಾಳಿಂಬೆ ತೋಟ.

"ಏನ್ ಮೇಡಂ, ಐದು ಅಂತೀರಂತೆ. ನಮ್ಮ ದ್ಯಾವ್ರಿಗೆ ಬಲಗಡೆ ಎಡಗಡೆ ಅಂತ ಇರಾದೇ ಎರಡು."

"ಒಂದೊಂದಾಗಿ ಕೇಳಿ ಪೂಜಾರಪ್ಪ. ಐದು ಸಲ."

"ಕೇಳಾನ. ಆದ್ರೆ ಏನ್ ಕೇಳ್ತಾ ಇದೀನಿ ಅಂತ ನಂಗೆ ಗೊತ್ತಾಗ್ಬೇಕಲ್ಲ. ಗೊತ್ತಿಲ್ದೆ ಕೇಳಿದ್ರೆ ದ್ಯಾವ್ರಿಗೆ ಹೆಂಗೆ ಗೊತ್ತಾಗ್ತೈತೆ?"

ನ್ಯಾಯವಾದ ಮಾತು. ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ ಇಲ್ಲದಿದ್ದರೂ ಸೀಮೆಸುಣ್ಣ ಇರುತ್ತದೆ. ಚಪ್ಪಡಿಯ ಮೇಲೆ ಗರ್ಭಕೋಶ ಬರೆದೆ, ಗಡ್ಡೆಗಳನ್ನು ಬರೆದೆ, ರಕ್ತನಾಳ ಎಳೆದೆ. ಹಣ್ಣುಕಾಯಿ ಹಿಡಿದು ಸರದಿಗೆ ಕಾಯುತ್ತಿದ್ದ ಹೆಂಗಸರು ಒಬ್ಬೊಬ್ಬರೇ ಬಂದು ಸುತ್ತ ನಿಂತರು. ಮೊದಮೊದಲು ಸೆರಗು ಬಾಯಿಗಿಟ್ಟು ನಕ್ಕರು. ನಗುವವರನ್ನು ಎದುರಿಗೆ ಕೂರಿಸಿಕೊಳ್ಳುವ ನನ್ನ ಅಭ್ಯಾಸ ಅಲ್ಲಿಯೂ ಉಪಯೋಗಕ್ಕೆ ಬಂತು. ಮೊದಲನೆಯ ದಾರಿ, ಎರಡನೆಯ ದಾರಿ, ಮೂರನೆಯದು ಎಂದು ಪಾಠ ಸಾಗಿತು. ನಾಲ್ಕನೆಯದು ಹೇಳುವಾಗ ಪೂಜಾರಪ್ಪ ಕುಕ್ಕರಗಾಲಿನಲ್ಲಿ ಕೂತು ಬೆರಳಿಟ್ಟು ತೋರಿಸಿದರು.

"ಅಂದ್ರೆ ನಮ್ಮ ತೋಟದ ಡ್ರಿಪ್ ಪೈಪಿಗೆ ಎಂಡ್ ಕ್ಯಾಪ್ ಹಾಕಿ ಬಾಯಿ ಮುಚ್ದಂಗೆ. ಈ ಗಡ್ಡೆಗೆ ನೀರು ಬಂದ್. ಒಣ್ಕಂಬುಡ್ತೈತೆ."

"ಹೌದು, ಅಷ್ಟೇ."

"ಮತ್ತೆ ಅದೇ ಲೈನ್‌ನಾಗಿರೋ ಮಿಕ್ಕ ಗಿಡ? ಗರ್ಭಚೀಲ ಒಣಗಾಕಿಲ್ವಾ?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ಡಾಕ್ಟರಿಗೆ ಕೇಳಿರಲಿಲ್ಲ. ಹದಿನೆಂಟು ವರ್ಷದ ಸರ್ವೀಸು, ದಾಳಿಂಬೆ ಬೆಳೆಯುವವರು ಒಂದೇ ಪ್ರಶ್ನೆಗೆ ಕೂರಿಸಿಬಿಟ್ಟರು. ಡಾಕ್ಟರನ್ನು ಕೇಳಬೇಕೆಂದು ಅದನ್ನು ಚೀಟಿಯಲ್ಲಿ ಬರೆದುಕೊಂಡೆ. ಆಮೇಲೆ ಕೇಳಿದಾಗ, ಗರ್ಭಕೋಶಕ್ಕೆ ಅಕ್ಕಪಕ್ಕದಿಂದಲೂ ರಕ್ತ ಬರುತ್ತದೆ, ಗಡ್ಡೆಗೆ ಆ ಅನುಕೂಲ ಕಡಿಮೆ ಎಂದು ಅವರು ಹೇಳಿದರು.

ಹಣ್ಣುಕಾಯಿಯ ಬುಟ್ಟಿ ಹಿಡಿದಿದ್ದ ಒಬ್ಬ ಹೆಂಗಸು ಇನ್ನೂ ಹತ್ತಿರ ಬಂದು ಕೇಳಿದಳು. "ನನ್ ಸೊಸೇಗೆ ಬರೋ ವಾರ ತೆಗೀತೀವಿ ಅಂದವ್ರೆ ಮೇಡಂ. ಅವ್ಳಿಗೂ ಇಷ್ಟೆಲ್ಲ ದಾರಿ ಐತಾ?"

"ಇರಬಹುದಮ್ಮ, ಇಲ್ಲದೆಯೂ ಇರಬಹುದು. ಒಬ್ಬೊಬ್ಬರದು ಒಂದೊಂದು ಥರ. ಬೇರೆ ದಾರಿ ಏನೈತೆ ಅಂತ ಡಾಕ್ಟ್ರನ್ನ ಕೇಳಿ. ಕೇಳಿದ್ರೆ ಅವರೇನೂ ಬೈಯಲ್ಲ."

"ನೀವು ಕೇಳಿದ್ರಾ?"

"ಮೊದಲನೇ ಸಲ ಕೇಳಲಿಲ್ಲ," ಅಂದೆ. ಸುಳ್ಳು ಹೇಳಲು ಜಾಗ ಸರಿಯಿರಲಿಲ್ಲ.

ಪೂಜಾರಪ್ಪ ಒಳಗೆ ಹೋದರು. ಗಂಟೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು, "ಒಂದ್ನೇದು, ಬಲಗಡೆ," ಎಂದು ಕೂಗಿ ಒಳಗೆ ಹೋದರು. ಮತ್ತೆ ಗಂಟೆ. "ಎರಡ್ನೇದೂ ಬಲಗಡೆ." ಹೀಗೆ ಅವರು ಬಾಗಿಲಿಗೂ ಗರ್ಭಗುಡಿಗೂ ಐದು ಸಲ ಓಡಾಡಿದರು. ಐದೂ ಬಲಗಡೆ. ಅತ್ತೆ ಕಂಬ ಹಿಡಿದು ನಿಂತವರು ನನ್ನ ಮುಖ, ಪೂಜಾರಿಯ ಮುಖ, ದೇವರ ಮುಖ ಮೂರನ್ನೂ ನೋಡಿದರು.

"ಇದೆಂಗಾತು ಪೂಜಾರಪ್ಪ? ಕಾದು ನೋಡು ಅಂತಾನೂ ಬಲಗಡೆ, ತೆಗ್ಸು ಅಂತಾನೂ ಬಲಗಡೆ."

"ಐದೂ ಒಳ್ಳೇವೇ ಅಂತ ಅಪ್ಪಣೆ ಆಗೈತೆ ಕಣಮ್ಮ. ಅದ್ರಾಗೆ ಯಾವ್ದು ಅಂತ ಆರ್ಸಾಕೆ ದ್ಯಾವ್ರಿಗೇನು ಹೊಟ್ಟೆನೋವಾ? ನೋವು ಯಾರಿಗೈತೋ ಅವ್ರು ಆರಿಸ್ಕಂಬೇಕು," ಎಂದು ಅವರು ನೀರಿನ ಮೋಟಾರು ಆಫ್ ಮಾಡಲು ತೋಟದ ಕಡೆ ನಡೆದರು.

ನಾನು ಗೆದ್ದೆನೆಂದು ಒಳಗೊಳಗೇ ಕುಣಿದೆ. ಬಸ್ಸಿನಲ್ಲಿ ಅತ್ತೆ ಒಂದು ಮಾತೂ ಆಡಲಿಲ್ಲ. ಸೋತ ಸಿಟ್ಟು ಎಂದುಕೊಂಡೆ. ಎರಡು ದಿನವಾದರೂ ಮಾತಿಲ್ಲ, ಬಿಂದಿಗೆ ಎತ್ತಿದರೂ ತಿರುಗಿ ನೋಡಲಿಲ್ಲ. ಮೂರನೆಯ ದಿನ ಸಾರಿಗೆ ಒಗ್ಗರಣೆ ಹಾಕುತ್ತ, "ತುಮಕೂರಿಗೆ ಹೋಗಾವಾಗ ನಾನೂ ಬತ್ತೀನಿ," ಅಂದರು. ಡಾಕ್ಟರ ಹತ್ತಿರ ಜಗಳಕ್ಕೆಂದೇ ನಾನು ತಿಳಿದೆ.

ಹೀಗೆ ಮುಂದಿನ ತಿಂಗಳು ಮೂವರೂ ಹೋಗಿ ಮೂರು ಕುರ್ಚಿಯಲ್ಲಿ ಕೂತೆವು. ಡಾಕ್ಟರು ರಕ್ತದ ರಿಪೋರ್ಟ್ ನೋಡಿ, ಪರವಾಗಿಲ್ಲ ಎಂದು, ನನ್ನನ್ನೇ ನೋಡುತ್ತ ಕೇಳಿದರು. "ಹೇಳಿ. ನಿಮಗೇನು ಬೇಕು?"

ಅಷ್ಟು ದಿನದಿಂದ ಎಲ್ಲರ ಮೇಲೆ ಹರಿಹಾಯ್ದಿದ್ದೆ, ಕೇಳಲಿಲ್ಲ ಕೇಳಲಿಲ್ಲ ಎಂದು ಪಾತ್ರೆ ಕುಕ್ಕಿದ್ದೆ. ಈಗ ಕೇಳಿದರು. ಕಣ್ಣಲ್ಲಿ ನೀರು ತುಂಬಿ ಡಾಕ್ಟರ ಮೇಜು ಮಂಜುಮಂಜಾಯಿತು. ಅಳು ಯಾಕೆಂದು ನನಗೇ ತಿಳಿಯಲಿಲ್ಲ. ನಾಚಿಕೆಯಾಯಿತು.

ನನ್ನ ಕಷ್ಟ ನೋಡಲಾರದೆ ನಮ್ಮ ಮನೆಯವರು ಮುಂದೆ ಬಾಗಿದರು. ಜೀವಮಾನದಲ್ಲಿ ಮೊದಲ ಸಲ 'ನೋಡೋಣ' ಬಿಟ್ಟು ಬೇರೆ ಮಾತಾಡಿದರು. "ಅವಳಿಗೆ ಗೊತ್ತಾಗ್ತಿಲ್ಲ ಡಾಕ್ಟ್ರೇ. ಸುಮ್ನೆ ತೆಗೆದ್ಬುಡಿ."

"ನೀನು ಬಾಯ್ ಮುಚ್ಕಂಡು ಕೂತ್ಕಳ್ಲಾ," ಅಂದರು ಅತ್ತೆ.

ಜೋರಾಗಿ ಹೇಳಲಿಲ್ಲ. ಆದರೂ ನಮ್ಮ ಮನೆಯವರು ಹಿಂದಕ್ಕೆ ಒರಗಿ ಕೂತರು.

"ಅವ್ಳನ್ನ ಕೇಳವ್ರೆ, ಅವ್ಳು ಹೇಳ್ತಾಳೆ. ಹೇಳೋಗಂಟ ಕಾಯಿ."

ಕಾದರು. ಡಾಕ್ಟರೂ ಕಾದರು. ಹೊರಗೆ ನರ್ಸು ಮುಂದಿನವರ ಹೆಸರು ಕೂಗುತ್ತಿದ್ದಳು. ನಾನು ಮೂಗು ಒರೆಸಿಕೊಂಡು, "ಗಡ್ಡೆಗೆ ರಕ್ತ ನಿಲ್ಲಿಸೋದು ಮಾಡಿಸ್ತೀನಿ. ಗರ್ಭಕೋಶ ಇರಲಿ. ಯಾಕೆ ಅಂತ ಕೇಳಿದ್ರೆ ಹೇಳೋಕೆ ಬರಲ್ಲ," ಅಂದೆ.

"ಯಾಕೆ ಅಂತ ಹೇಳಬೇಕಾಗಿಲ್ಲ," ಎಂದು ಅವರು ಬೆಂಗಳೂರಿನ ಆಸ್ಪತ್ರೆಗೆ ಕಾಗದ ಬರೆಯತೊಡಗಿದರು.

ಆಮೇಲಿನದ್ದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಚಿಕಿತ್ಸೆಯಾದ ಮೇಲೆ ಎರಡು ದಿನ, ನಾನು ಆರಿಸಿಕೊಂಡದ್ದಕ್ಕೆ ನನ್ನನ್ನೇ ಬೈದುಕೊಳ್ಳುವಷ್ಟು ನೋವಿತ್ತು. ಗಡ್ಡೆ ಮಾಯವಾಗಲಿಲ್ಲ, ತಿಂಗಳುಗಟ್ಟಲೆ ಹಿಡಿದು ಕುಗ್ಗಿತು. ಮುಟ್ಟು ಐದು ದಿನಕ್ಕೆ ಇಳಿಯಿತು. ಮುಂದೆ ಮತ್ತೆ ತೊಂದರೆಯಾಗಬಹುದು, ಆಗದೆಯೂ ಇರಬಹುದು ಎಂದಿದ್ದಾರೆ. ಬಸ್ಸಿನಲ್ಲಿ ನಿಂತೇ ಸ್ಕೂಲಿಗೆ ಹೋಗುತ್ತೇನೆ.

ಆದರೆ ಅವತ್ತು ಕಾಗದ ತೆಗೆದುಕೊಂಡು ನಾನೂ ನಮ್ಮ ಮನೆಯವರೂ ಎದ್ದು ನಿಂತಾಗ ಅತ್ತೆ ಏಳಲಿಲ್ಲ. ಸೆರಗನ್ನು ಬೆರಳಿಗೆ ಸುತ್ತುತ್ತ ಕೂತೇ ಇದ್ದರು.

"ನಂದು ತೆಗ್ದಾಗ ನಂಗೆ ಮೂವತ್ತೊಂದು ವರ್ಷ ತಾಯಿ. ಹಿಂಗೇ ರಕ್ತ ಹೋಗ್ತಿತ್ತು. ನಮ್ಮೆಜಮಾನ್ರು ಹ್ಞೂಂ ಅಂದ್ರು, ತೆಗುದ್ರು. ನನ್ನ ಯಾರೂ ಕೇಳ್ಲಿಲ್ಲ. ಇನ್ನೊಂದು ಹೆಣ್ಮಗು ಆಗ್ಲಿ ಅಂತ ನಂಗೆ ಆಸೆ ಇತ್ತು. ನಂಗೂ ಅವಾಗ ಬ್ಯಾರೆ ದಾರಿ ಇತ್ತಾ?"

ನಮ್ಮ ಮನೆಯವರು ತಾಯಿಯ ಮುಖವನ್ನೇ ನೋಡುತ್ತ ನಿಂತರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಆಗಿನ ಕಾಗದ ಪತ್ರ ಏನಾದ್ರೂ ಇದೆಯಾ ಅಮ್ಮ?"

"ಕಾಗದ ಯಾರು ಕೊಟ್ರು ತಾಯಿ?"

"ಕಾಗದ ಇಲ್ಲದೆ ನಾನು ಹೇಳೋಕಾಗಲ್ಲಮ್ಮ."

"ಹೇಳಬ್ಯಾಡಿ ಬುಡಿ," ಅಂದರು ಅತ್ತೆ. "ಕೇಳ್ಬೇಕು ಅನ್ನುಸ್ತು, ಕೇಳ್ದೆ."

ಏಳಲು ಅವರಿಗೆ ಯಾರ ಆಸರೆಯೂ ಬೇಕಿರಲಿಲ್ಲ. ಆದರೂ ನಾನು ಕೈ ಕೊಟ್ಟೆ. ಅವರು ಹಿಡಿದುಕೊಂಡರು, ಬಸ್ ಸ್ಟ್ಯಾಂಡ್ ಮುಟ್ಟುವವರೆಗೂ ಬಿಡಲಿಲ್ಲ.